ಅಗಸೆ ತಳಿ ಟಿಎಲ್-99: ಅಡುಗೆ ಎಣ್ಣೆಗೆ ಸೈ, ಒಮೆಗಾ-3ಗೆ ಅಲ್ಲ

ಉತ್ತರ ಕರ್ನಾಟಕದ ಎರೆಭೂಮಿಯಲ್ಲಿ ಹಿಂಗಾರಿಗೆ ಬಿತ್ತುವ ಸಾಮಾನ್ಯ ಅಗಸೆಯ ಎಣ್ಣೆಯಲ್ಲಿ ಸುಮಾರು ಅರ್ಧದಷ್ಟು ಲಿನೋಲೆನಿಕ್ ಆಮ್ಲವೇ ಇರುತ್ತದೆ. ಇದೇ ಒಮೆಗಾ-3. ಆರೋಗ್ಯಕ್ಕೆ ಒಳ್ಳೆಯದಾದರೂ ಇದರಿಂದಲೇ ಎಣ್ಣೆ ಗಾಳಿ ತಾಗಿದರೆ ಬೇಗ ಕಮಟು ಹಿಡಿಯುತ್ತದೆ. ಹೀಗಾಗಿ ಬಣ್ಣ, ವಾರ್ನಿಷ್ ತಯಾರಿಕೆಗೆ ಅದರ ಬಳಕೆ ಹೆಚ್ಚು.

ಈ ಕೊರತೆ ನೀಗಿಸಲು ಭಾಭಾ ಅಣು ಸಂಶೋಧನಾ ಕೇಂದ್ರ ಅಭಿವೃದ್ಧಿಪಡಿಸಿದ ತಳಿ ಟಿಎಲ್-99. 2019ರಲ್ಲಿ ಬಿಡುಗಡೆಯಾದ ಇದರ ಎಣ್ಣೆಯಲ್ಲಿ ಲಿನೋಲೆನಿಕ್ ಆಮ್ಲ ಶೇ. 5ಕ್ಕಿಂತ ಕಡಿಮೆ. ಎಣ್ಣೆ ಬೇಗ ಕೆಡುವುದಿಲ್ಲ, ಅಡುಗೆಗೆ ಒಗ್ಗುತ್ತದೆ.

ಆದರೆ ಒಮೆಗಾ-3 ಹೆಸರಿನಲ್ಲಿ ಬೀಜ ಅಥವಾ ಚಟ್ನಿಪುಡಿ ಮಾರುವವರಿಗೆ ಹಳೆಯ ತಳಿಗಳೇ ಸರಿ. ಎರಡನ್ನೂ ಬೆರೆಸಬೇಡಿ. ಬಿತ್ತನೆ ಬೀಜ ಕೊಳ್ಳುವ ಮುನ್ನ ಈ ತಳಿ ನಿಮ್ಮ ಭಾಗಕ್ಕೆ ಶಿಫಾರಸಾಗಿದೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.