ಗಿನಿ ದೇಶಕ್ಕೆ ಬಂದ ರಾಯಭಾರಿಗಳು

ರಾಯಭಾರಿಯು ತನ್ನನ್ನು ಕಳುಹಿಸಿದವರ ಮಾತನ್ನು ಆಡುವವನು. ಆದುದರಿಂದ ಅವನನ್ನು ಬಂಧಿಸಲಾಗದೆಂಬುದು ಹಳೆಯ ನೀತಿ. ಕೃಷ್ಣಸಂಧಾನದ ಕಥೆಯನ್ನು ಬಲ್ಲ ನಮ್ಮ ವಿದ್ಯಾರ್ಥಿಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಹೊಸದಾಗಿ ಸ್ವತಂತ್ರವಾದ ಬಡ ದೇಶವೊಂದರ ಬಾಗಿಲಿಗೆ ಪ್ರಬಲ ರಾಷ್ಟ್ರಗಳ ರಾಯಭಾರಿಗಳು ಬಂದು ನಿಂತಾಗ, ಆ ದೇಶವು ಅವರೊಡನೆ ಹೇಗೆ ನಡೆದುಕೊಳ್ಳಬೇಕು? ಪಶ್ಚಿಮ ಆಫ್ರಿಕದ ಗಿನಿ ದೇಶದ ಚರಿತ್ರೆಯು ಈ ವಿಷಯದಲ್ಲಿ ವಿಚಾರಾರ್ಹವಾಗಿದೆ.

೧೯೫೮ನೆಯ ಸೆಪ್ಟೆಂಬರ್ ೨೮ರಂದು ಫ್ರಾನ್ಸು ತನ್ನ ಆಫ್ರಿಕದ ವಸಾಹತುಗಳಲ್ಲಿ ಜನಮತ ತೆಗೆದುಕೊಂಡಿತು. ಫ್ರೆಂಚ್ ಸಮುದಾಯದಲ್ಲಿ ಉಳಿಯುವಿರಾ ಎಂಬ ಪ್ರಶ್ನೆಗೆ ಗಿನಿಯ ಮತದಾರರಲ್ಲಿ ನೂರಕ್ಕೆ ೯೫ಕ್ಕೂ ಹೆಚ್ಚು ಮಂದಿ ‘ಇಲ್ಲ’ ಎಂದರು. ಅಕ್ಟೋಬರ್ ೨ರಂದು ಸೇಕು ತೂರೆಯವರ ನಾಯಕತ್ವದಲ್ಲಿ ದೇಶವು ಸ್ವತಂತ್ರವಾಯಿತು. ಮುನಿದ ಫ್ರೆಂಚರು ತಮ್ಮ ಅಧಿಕಾರಿಗಳನ್ನೂ ವೈದ್ಯರನ್ನೂ ಉಪಾಧ್ಯಾಯರನ್ನೂ ಹಿಂದಕ್ಕೆ ಕರೆಸಿಕೊಂಡರು. ಹೋಗುವಾಗ ಕಛೇರಿಗಳ ದೂರವಾಣಿಗಳನ್ನು ಸಹ ಕಿತ್ತುಕೊಂಡು ಹೋದರು.

ಬರಿದಾದ ಈ ಮನೆಗೆ ನೆರೆಹೊರೆಯಿಂದ ಮೊದಲು ನೆರವು ನೀಡಿದ್ದು ಘಾನಾ. ಆ ಎರಡು ದೇಶಗಳೂ ಪರಸ್ಪರ ರಾಯಭಾರಿಗಳನ್ನು ಕಳುಹಿಸದೆ, ಸೋದರಭಾವದ ಗುರುತಾಗಿ ‘ನಿವಾಸಿ ಸಚಿವ’ರನ್ನು ಕಳುಹಿಸಿದವು. ಸೋವಿಯೆತ್ ಒಕ್ಕೂಟವು ಧನಸಹಾಯದೊಡನೆ ಬೇಗನೆ ಮುಂದೆ ಬಂದಿತು. ಫ್ರಾನ್ಸಿನ ಅಸಮಾಧಾನಕ್ಕೆ ಅಂಜಿದ ಅಮೆರಿಕವು ಮನ್ನಣೆ ನೀಡಲು ಒಂದು ತಿಂಗಳು ತಡೆಯಿತು. ೧೯೫೯ರಲ್ಲಿ ಅದರ ಪ್ರಥಮ ರಾಯಭಾರಿಯಾಗಿ ರಾಜಧಾನಿ ಕೊನಾಕ್ರಿಗೆ ಬಂದವರು ಜಾನ್ ಮಾರೋ. ಅವರು ನೀಗ್ರೋ ಜನಾಂಗದ ವಿದ್ವಾಂಸರು. ಉತ್ತರ ಕ್ಯಾರೊಲಿನದ ಕಾಲೇಜೊಂದರಲ್ಲಿ ಫ್ರೆಂಚ್ ಭಾಷೆಯ ಪ್ರಾಧ್ಯಾಪಕರಾಗಿದ್ದವರು. ಉಪಾಧ್ಯಾಯರೊಬ್ಬರು ರಾಯಭಾರಿಯಾದುದು ನಮ್ಮಂಥವರಿಗೆ ಸಂತೋಷದ ಸಂಗತಿಯಲ್ಲವೆ?

ಆದರೆ ಮುಂದಿನ ಸಂಗತಿ ಉಪಾಧ್ಯಾಯರಿಗೆ ದುಃಖಕರವಾದುದು. ೧೯೬೧ರ ನವೆಂಬರಿನಲ್ಲಿ ಗಿನಿಯ ಉಪಾಧ್ಯಾಯರ ಸಂಘವು ಸಂಬಳದ ವಿಷಯದಲ್ಲಿ ಸರ್ಕಾರವನ್ನು ಟೀಕಿಸಿತು. ಅದರ ಮುಖಂಡರನ್ನು ಸೆರೆಗೆ ಹಾಕಲಾಯಿತು, ವಿದ್ಯಾರ್ಥಿಗಳು ಬೀದಿಗಿಳಿದರು, ಶಾಲೆಗಳು ಮುಚ್ಚಿದವು. ಮಾಂಡೆ ಜನರ ವೀರಪುರುಷ ಸುಂದಿಯಾತನ ಕಥೆಯನ್ನು ಬರಹಕ್ಕೆ ತಂದಿದ್ದ ಇತಿಹಾಸಕಾರ ಜಿಬ್ರಿಲ್ ತಮ್ಸಿರ್ ನಿಯಾನ್ ಸಹ ಸೆರೆಯಾದರು. ಸಂಬಳ ಕೇಳಿದವರ ಹಿಂದೆ ವಿದೇಶೀಯರ ಕೈವಾಡವನ್ನು ಕಂಡ ತೂರೆಯವರು, ಡಿಸೆಂಬರಿನಲ್ಲಿ ಸೋವಿಯೆತ್ ರಾಯಭಾರಿ ಡೇನಿಯಲ್ ಸೋಲೋದ್‌ರನ್ನು ದೇಶದಿಂದ ಹೊರಡಿಸಿದರು. ಅತ್ಯಧಿಕ ನೆರವು ನೀಡಿದ ರಾಷ್ಟ್ರಗಳಲ್ಲೊಂದರ ಪ್ರತಿನಿಧಿಯನ್ನೇ ಹೊರದೂಡಿದ ಆ ದಿಟ್ಟತನ ಲೋಕವನ್ನು ಬೆರಗುಗೊಳಿಸಿತು.

ಮರುವರ್ಷ ಅಕ್ಟೋಬರಿನಲ್ಲಿ ಕ್ಯೂಬಾದ ಬಿಕ್ಕಟ್ಟು ತಲೆದೋರಿತು. ಕೊನಾಕ್ರಿಯ ವಿಮಾನನಿಲ್ದಾಣದ ಓಡುದಾರಿಯನ್ನು ಉದ್ದಗೊಳಿಸಿದ್ದವರು ರಷ್ಯನ್ನರೇ. ಆದರೂ ಕ್ಯೂಬಾಕ್ಕೆ ಹೋಗುವ ಸೋವಿಯೆತ್ ವಿಮಾನಗಳು ಅಲ್ಲಿ ಇಂಧನ ತುಂಬಿಕೊಳ್ಳಲಾಗದೆಂದು ತೂರೆಯವರು ಅಮೆರಿಕದ ರಾಯಭಾರಿ ವಿಲಿಯಂ ಆಟ್‌ವುಡ್‌ರಿಗೆ ಮಾತುಕೊಟ್ಟರು. ಸಾಲ ಕೊಟ್ಟವನಿಗೆ ಮನೆಯನ್ನು ಬಿಟ್ಟುಕೊಡಲಿಲ್ಲ. ಹಾಗೆಂದು ಅಮೆರಿಕಕ್ಕೂ ಅವರು ಒಳಗಾಗಲಿಲ್ಲ. ೧೯೬೬ರಲ್ಲಿ ಗಿನಿಯ ವಿದೇಶಾಂಗ ಸಚಿವರನ್ನು ಅಮೆರಿಕದ ವಿಮಾನವೊಂದರಿಂದ ಇಳಿಸಿ ಘಾನಾ ಹಿಡಿದಿಟ್ಟಾಗ, ಕೊನಾಕ್ರಿಯಲ್ಲಿದ್ದ ಅಮೆರಿಕದ ರಾಯಭಾರಿ ರಾಬಿನ್‌ಸನ್ ಮೆಕಿಲ್ವೇನ್‌ರನ್ನು ಗೃಹಬಂಧನದಲ್ಲಿಡಲಾಯಿತು. ಹಳೆಯ ನೀತಿ ಇಲ್ಲಿ ಮುರಿಯಿತು.

ಇವರೆಲ್ಲರೂ ಹೊರಗಿನಿಂದ ಬಂದವರು. ಕಷ್ಟವೊದಗಿದಾಗ ಅವರಿಗೆ ಹಿಂದಿರುಗಲು ತಮ್ಮ ದೇಶಗಳಿದ್ದವು. ಗಿನಿಯೇ ಹೊರಗೆ ಕಳುಹಿಸಿದ ರಾಯಭಾರಿಯ ಗತಿಯೇನಾಯಿತು? ದಿಯಾಲ್ಲೊ ತೆಲ್ಲಿ ವಿಶ್ವಸಂಸ್ಥೆಯಲ್ಲಿ ತಮ್ಮ ದೇಶದ ದನಿಯಾಗಿದ್ದವರು. ೧೯೬೪ರಿಂದ ೧೯೭೨ರವರೆಗೆ ಆಫ್ರಿಕ ಏಕತಾ ಸಂಸ್ಥೆಯ ಪ್ರಥಮ ಮಹಾಕಾರ್ಯದರ್ಶಿಗಳೂ ಆಗಿದ್ದರು. ಸ್ವದೇಶಕ್ಕೆ ಮರಳಿ ಮಂತ್ರಿಯಾದ ಅವರನ್ನು ೧೯೭೬ರಲ್ಲಿ ದ್ರೋಹದ ಆರೋಪದ ಮೇಲೆ ಹಿಡಿಯಲಾಯಿತು. ಬೊಯ್‌ರೋ ಸೆರೆಮನೆಯಲ್ಲಿ ಅನ್ನನೀರುಗಳಿಲ್ಲದೆ ೧೯೭೭ರಲ್ಲಿ ಅವರು ಪ್ರಾಣಬಿಟ್ಟರು.

ಪರಕೀಯರ ಮುಂದೆ ತಲೆಬಾಗದ ರಾಷ್ಟ್ರವನ್ನು ನಾವು ಗೌರವಿಸುತ್ತೇವೆ. ಆದರೆ ಪ್ರಬಲರಿಗೆ ‘ಇಲ್ಲ’ ಎನ್ನುವ ಹಕ್ಕನ್ನು ಗಳಿಸಿದ ದೇಶವು, ತನ್ನ ಉಪಾಧ್ಯಾಯನೂ ತನ್ನ ರಾಯಭಾರಿಯೂ ‘ಇಲ್ಲ’ ಎನ್ನಬಲ್ಲ ಸ್ಥಿತಿಯನ್ನು ಉಳಿಸಬೇಕಾಗಿದ್ದಿತು. ಗಿನಿಯ ಸ್ವಾತಂತ್ರ್ಯದ ಕಥೆಯನ್ನು ತರಗತಿಯಲ್ಲಿ ಹೇಳುವಾಗ ೧೯೫೮ರ ಮತಪೆಟ್ಟಿಗೆಯ ಜೊತೆಯಲ್ಲಿ ೧೯೬೧ರ ಮುಚ್ಚಿದ ಶಾಲೆಗಳನ್ನೂ ಹೇಳುವುದು ನಮ್ಮ ಕರ್ತವ್ಯ.