ಸಕ್ಕರೆ ಕಾಯಿಲೆಯವರ ದವಡೆಯಲ್ಲಿ ಇಂಪ್ಲಾಂಟ್: ಅರವತ್ತು ವರ್ಷಗಳ ಹಾದಿ

ಬೀದರ್, ಹುಮನಾಬಾದ್ ಕಡೆಯಿಂದ ಮುಂಬೈ ಹೆದ್ದಾರಿ ಹಿಡಿದು ಬರುವ ಬಸ್ಸುಗಳಿಗೆ ಮಿಯಾಪುರವೇ ಹೈದರಾಬಾದಿನ ಹೆಬ್ಬಾಗಿಲು. 2017ರ ನವೆಂಬರಿನಲ್ಲಿ ಇಲ್ಲಿಂದ ಮೆಟ್ರೊ ಓಡತೊಡಗಿದ ಮೇಲೆ ಆಸ್ಪತ್ರೆ ಕೆಲಸಕ್ಕೆಂದು ಬರುವ ಕನ್ನಡದವರಿಗೆ ಇಳಿಯಲು ಇದು ಅನುಕೂಲದ ಜಾಗವೂ ಆಯಿತು. ಹಲ್ಲಿನ ಆಸ್ಪತ್ರೆಗಳ ಫಲಕಗಳಲ್ಲಿ ‘ಇಂಪ್ಲಾಂಟ್’ ಎಂಬುದು ಈಗ ಎಲ್ಲರೂ ಬಲ್ಲ ಮಾತು. ಹಾಗೆಯೇ ಈ ಪ್ರಶ್ನೆಯೂ: “ಡಾಕ್ಟರ್ ಸಾಬ್, ನನಗ ಶುಗರ್ ಅದ. ಹಲ್ಲು ಕೂಡಿಸಲಾಕ ಬರ್ತದೇನ್ರಿ?”

2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆ ಭಾರತದಲ್ಲಿ ಮಧುಮೇಹಿಗಳ ಸಂಖ್ಯೆಯನ್ನು ಸುಮಾರು 10.1 ಕೋಟಿ ಎಂದು ಅಂದಾಜಿಸಿತು. ಒಸಡಿನ ರೋಗವನ್ನು ಮಧುಮೇಹದ ಆರನೆಯ ತೊಡಕು ಎಂದು ದಂತ ಸಂಶೋಧಕ ಹೆರಾಲ್ಡ್ ಲೋ 1993ರಲ್ಲೇ ಹೇಳಿದ್ದರು. ಅಂದರೆ ಇತರರಿಗಿಂತ ಹೆಚ್ಚು ಹಲ್ಲು ಕಳೆದುಕೊಳ್ಳುವವರೂ ಇವರೇ, ಹೊಸ ಹಲ್ಲು ಬೇಕಾದಾಗ ‘ನಿಮಗೆ ಆಗದು’ ಎನ್ನಿಸಿಕೊಳ್ಳುತ್ತ ಬಂದವರೂ ಇವರೇ.

ಕಥೆ ಶುರುವಾಗುವುದು ಸ್ವೀಡನ್ನಿನಲ್ಲಿ. ಪರ್-ಇಂಗ್ವಾರ್ ಬ್ರೋನೆಮಾರ್ಕ್ 1950ರ ದಶಕದ ಆರಂಭದಲ್ಲಿ ಮೊಲದ ಕಾಲಿನ ಮೂಳೆಯಲ್ಲಿ ರಕ್ತಸಂಚಾರ ನೋಡಲು ಟೈಟಾನಿಯಮ್ಮಿನ ಸಣ್ಣ ಕೋಶವೊಂದನ್ನು ಕೂರಿಸಿದ್ದರು. ಪ್ರಯೋಗ ಮುಗಿದ ಮೇಲೆ ಅದನ್ನು ಬಿಡಿಸಲು ಹೋದರೆ ಬರಲಿಲ್ಲ. ಮೂಳೆ ಅದನ್ನು ತನ್ನದೆಂಬಂತೆ ಹಿಡಿದುಬಿಟ್ಟಿತ್ತು. 1965ರಲ್ಲಿ ಗೋಥೆನ್‌ಬರ್ಗ್‌ನಲ್ಲಿ ಯೋಸ್ಟಾ ಲಾರ್ಸನ್ ಎಂಬ ರೋಗಿಯ ಕೆಳದವಡೆಗೆ ಟೈಟಾನಿಯಮ್ ತಿರುಪುಗಳನ್ನು ಕೂರಿಸಿದರು. 2006ರಲ್ಲಿ ಲಾರ್ಸನ್ ತೀರಿಕೊಂಡಾಗಲೂ ಅವು ಗಟ್ಟಿಯಾಗಿದ್ದವು. ಆದರೂ ವೈದ್ಯಲೋಕ ಇದನ್ನು ನಂಬಲು 1982ರ ಟೊರಾಂಟೊ ಸಮ್ಮೇಳನದವರೆಗೆ ಕಾಯಬೇಕಾಯಿತು.

ಆ ದಿನಗಳ ಶಿಸ್ತು ಕಟ್ಟುನಿಟ್ಟಿನದು. ಕೆಳದವಡೆಗೆ ಮೂರು ತಿಂಗಳು, ಮೇಲ್ದವಡೆಗೆ ಆರು ತಿಂಗಳು ಇಂಪ್ಲಾಂಟನ್ನು ಒಸಡಿನ ಅಡಿಯಲ್ಲೇ ಬಿಡಬೇಕು, ಆಮೇಲಷ್ಟೇ ಹಲ್ಲು. ಗಾಯ ಮಾಯುವುದು ತಡವಾಗುವ ಮಧುಮೇಹಿಗಳನ್ನು, ಅದರಲ್ಲೂ ಸಕ್ಕರೆ ಹಿಡಿತದಲ್ಲಿ ಇಲ್ಲದವರನ್ನು, ದೂರವೇ ಇಡುತ್ತಿದ್ದರು. ಅದು ಎಚ್ಚರಿಕೆಯ ಮಾತು, ಆದರೆ ಅದರ ಹಿಂದೆ ಪುರಾವೆ ಹೆಚ್ಚಿರಲಿಲ್ಲ.

ಪುರಾವೆ ಬಂದದ್ದು 1990ರ ದಶಕದಲ್ಲಿ. 1998ರಲ್ಲಿ ಪ್ರಕಟವಾದ ನೆವಿನ್ಸ್ ತಂಡದ ಪ್ರಯೋಗದಲ್ಲಿ, ಮಧುಮೇಹ ಬರಿಸಿದ ಇಲಿಗಳಲ್ಲಿ ಇಂಪ್ಲಾಂಟಿನ ಸುತ್ತ ಮೂಳೆ ಬೆಳೆದಿತ್ತು, ಆದರೆ ಲೋಹಕ್ಕೆ ಅಂಟಿ ನಿಂತ ಮೂಳೆ ಕಡಿಮೆಯಿತ್ತು. ನನ್ನ ದೃಷ್ಟಿಯಲ್ಲಿ ಇಡೀ ಸಮಸ್ಯೆಯ ತಿರುಳು ಇಲ್ಲಿದೆ. ರಕ್ತದಲ್ಲಿ ಸಕ್ಕರೆ ಬಹುಕಾಲ ಏರಿಯೇ ಇದ್ದರೆ ಅದು ಪ್ರೋಟೀನುಗಳಿಗೆ ಮೆತ್ತಿಕೊಳ್ಳುತ್ತದೆ, ಉರಿಯೂತ ಆರುವುದಿಲ್ಲ, ಮೂಳೆ ಕಟ್ಟುವ ಜೀವಕೋಶಗಳ ಕೆಲಸ ಕುಂದುತ್ತದೆ, ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳೂ ಸೊರಗುತ್ತವೆ. ಮುಂದೆ ಇನ್ಸುಲಿನ್ ಕೊಟ್ಟು ನಡೆಸಿದ ಪ್ರಾಣಿಪ್ರಯೋಗಗಳಲ್ಲಿ ಈ ನಷ್ಟ ತಗ್ಗಿದ್ದು ಕಂಡಿತು. ತೊಡಕಾಗಿದ್ದುದು ಏರಿದ ಸಕ್ಕರೆ ಎಂಬುದು ಸ್ಪಷ್ಟವಾಗತೊಡಗಿತು.

ಮನುಷ್ಯರ ಲೆಕ್ಕ ಸಿಕ್ಕಿದ್ದು ಅಮೆರಿಕದಲ್ಲಿ. ಅಲ್ಲಿ ಟೈಪ್ 2 ಮಧುಮೇಹವಿದ್ದ 89 ಗಂಡಸರಿಗೆ 178 ಇಂಪ್ಲಾಂಟ್ ಹಾಕಿ ಐದು ವರ್ಷ ಗಮನಿಸಿದರು. 2000ದಲ್ಲಿ ಬಂದ ವರದಿಯ ಪ್ರಕಾರ 16 ವಿಫಲವಾಗಿದ್ದವು, ಉಳಿದವು ನಿಂತಿದ್ದವು. ಕಾಯಿಲೆ ಬಂದು ಹೆಚ್ಚು ವರ್ಷವಾದವರಲ್ಲಿ ಸೋಲು ಹೆಚ್ಚು ಎಂಬುದೂ ಕಂಡುಬಂತು. ‘ನನಗೆ ಇಪ್ಪತ್ತು ವರ್ಷದಿಂದ ಶುಗರ್’ ಎನ್ನುವವರ ಮಾತನ್ನು ದಂತವೈದ್ಯರು ಕಿವಿಗೊಟ್ಟು ಕೇಳಬೇಕಾದ ಕಾರಣ ಇದು.

ಥಾಮಸ್ ಓಟ್ಸ್ ಮತ್ತು ಸಂಗಡಿಗರ ಕೆಲಸ ಇನ್ನಷ್ಟು ಹತ್ತಿರದಿಂದ ನೋಡಿತು. ಇಂಪ್ಲಾಂಟ್ ಕೂರಿಸಿದ ಮೊದಲ ಕೆಲವು ವಾರ ಹಳೆಯ ಮೂಳೆ ಕರಗಿ ಹೊಸದು ಕಟ್ಟಿಕೊಳ್ಳುವುದರಿಂದ ಎಲ್ಲರಲ್ಲೂ ಅದರ ಬಿಗಿ ಒಂದಿಷ್ಟು ಸಡಿಲವಾಗುತ್ತದೆ. ಮೂರು ತಿಂಗಳ ಸರಾಸರಿ ಸಕ್ಕರೆ ತಿಳಿಸುವ ಎಚ್‌ಬಿಎ1ಸಿ 8 ದಾಟಿದವರಲ್ಲಿ ಆ ಸಡಿಲ ಹೆಚ್ಚು, ಚೇತರಿಕೆ ನಿಧಾನ ಎಂದು 2009ರಲ್ಲಿ ಅವರು ತೋರಿಸಿದರು. 2014ರ ದೊಡ್ಡ ಅಧ್ಯಯನದಲ್ಲಿ ಕೆಳದವಡೆಯ ಮುಂಭಾಗಕ್ಕೆ ಎರಡೆರಡು ಇಂಪ್ಲಾಂಟ್ ಹಾಕಿ ನಾಲ್ಕು ತಿಂಗಳು ಬಿಟ್ಟು ಹಲ್ಲಿನ ಸೆಟ್ ಕೂರಿಸಿದಾಗ, ಸಕ್ಕರೆ ಹಿಡಿತ ತಪ್ಪಿದವರಲ್ಲೂ ಒಂದು ವರ್ಷದ ಕೊನೆಗೆ ಬಹುತೇಕ ಎಲ್ಲವೂ ಉಳಿದಿದ್ದವು.

ಈ ಫಲಿತಾಂಶವನ್ನು ಜಾಹೀರಾತಿನ ಭಾಷೆಗೆ ಇಳಿಸುವುದು ಸುಲಭ, ಅಪಾಯವೂ ಹೌದು. ಆ ಜಾಗದ ಮೂಳೆ ಬಾಯಲ್ಲೇ ಗಟ್ಟಿಯಾದದ್ದು; ಮಾಯಲು ಬೇಕಾದಷ್ಟು ಕಾಲ ಕೊಟ್ಟಿದ್ದರು; ಗಮನಿಸಿದ್ದು ಒಂದೇ ವರ್ಷ. ಮೇಲ್ದವಡೆಯ ಹಿಂಭಾಗದ ಮೆತ್ತನೆಯ ಮೂಳೆಗೆ, ಮೂರು ದಿನದಲ್ಲಿ ಹಲ್ಲು ಎಂಬ ಭರವಸೆಗೆ, ಅದು ಪುರಾವೆಯಾಗುವುದಿಲ್ಲ.

ವರ್ಷಗಳು ಕಳೆದ ಮೇಲಿನ ಚಿತ್ರ ಬೇರೆ. 2017ರಲ್ಲಿ ಪ್ರಕಟವಾದ ಮೊಂಹೆ ತಂಡದ ವಿಶ್ಲೇಷಣೆ, ಇಂಪ್ಲಾಂಟ್ ಸುತ್ತ ಕೀವು ತುಂಬಿ ಮೂಳೆ ಸವೆಯುವ ಕಾಯಿಲೆಯ ಅಪಾಯ ಮಧುಮೇಹಿಗಳಲ್ಲಿ ಸುಮಾರು ಅರ್ಧದಷ್ಟು ಹೆಚ್ಚು ಎಂದಿತು. ನೋವಿಲ್ಲದೆ ಬರುವ ಈ ಕಾಯಿಲೆ ಎಷ್ಟೋ ಸಲ ಗೊತ್ತಾಗುವುದು ಮೂಳೆ ಬಹಳಷ್ಟು ಹೋದ ಮೇಲೆ. ಬೀಡಿ, ಸಿಗರೇಟು ಸೇರಿದರೆ ಕಷ್ಟ ಇನ್ನೂ ಹೆಚ್ಚು. ಇಂದಿನ ತಿಳಿವಳಿಕೆಯಲ್ಲಿ ಶುಗರ್ ಇದೆ ಎಂಬ ಒಂದೇ ಕಾರಣಕ್ಕೆ ಯಾರನ್ನೂ ವಾಪಸು ಕಳಿಸಬೇಕಿಲ್ಲ. ಆದರೆ ಎಚ್‌ಬಿಎ1ಸಿ ನೋಡದೆ, ಉಳಿದ ಹಲ್ಲುಗಳ ಒಸಡಿಗೆ ಮೊದಲು ಚಿಕಿತ್ಸೆ ಕೊಡದೆ ಇಂಪ್ಲಾಂಟ್ ಕೂರಿಸುವುದು ರೋಗಿಗೆ ಮಾಡುವ ಅನ್ಯಾಯ. ಶಸ್ತ್ರಕ್ರಿಯೆಯ ದಿನ ಖಾಲಿ ಹೊಟ್ಟೆಯಲ್ಲಿ ಕೂರಿಸಿ ಸಕ್ಕರೆ ಇಳಿಯುವಂತೆ ಮಾಡುವುದೂ ತಪ್ಪೇ. ಬಾಯಿ ಮಾತ್ರ ಮರಗಟ್ಟಿಸುವ ಈ ಕೆಲಸಕ್ಕೆ ಸಾಮಾನ್ಯವಾಗಿ ಉಪವಾಸ ಬೇಕಿಲ್ಲ. ಬೆಳಗಿನ ಹೊತ್ತು, ತಿಂಡಿ ತಿಂದು, ಎಂದಿನ ಔಷಧಿಯನ್ನು ತಮ್ಮ ವೈದ್ಯರು ಹೇಳಿದಂತೆ ತೆಗೆದುಕೊಂಡು ಹೋಗುವುದೇ ಸರಿ.

ಹಲ್ಲು ಕೂರಿಸಿದ ಮೇಲೆ ಮೂರರಿಂದ ಆರು ತಿಂಗಳಿಗೊಮ್ಮೆ ಸ್ವಚ್ಛತೆ, ಒಸಡಿನ ತಪಾಸಣೆ, ಆಗಾಗ ಎಕ್ಸ್-ರೇ ಬೇಕು. ಈ ವೆಚ್ಚವನ್ನು ಮೊದಲ ದಿನವೇ ಲೆಕ್ಕಕ್ಕೆ ಸೇರಿಸಿ ಹೇಳುವ ವೈದ್ಯರನ್ನೇ ನಾನು ನಂಬುತ್ತೇನೆ. ದೂರದಿಂದ ಮಿಯಾಪುರಕ್ಕೆ ಬಂದವರು ಪ್ರತಿ ಸಲ ಬಸ್ಸು ಹತ್ತಬೇಕಾಗಿಲ್ಲ. ಬೀದರಿನಲ್ಲಿ, ಅದೇ ಹೆದ್ದಾರಿಯ ಹುಮನಾಬಾದಿನಲ್ಲಿ, ಕಲಬುರಗಿಯಲ್ಲಿ ದಂತ ಕಾಲೇಜುಗಳಿವೆ. ನಡುವಿನ ತಪಾಸಣೆ ಅಲ್ಲೇ ಆಗಬಹುದು. ಅದಕ್ಕೆ ಒಂದು ಕಾಗದ ಕೈಯಲ್ಲಿರಬೇಕು: ಇಂಪ್ಲಾಂಟಿನ ಕಂಪನಿಯ ಹೆಸರು, ಉದ್ದ, ಅಗಲ, ಬ್ಯಾಚ್ ನಂಬರಿನ ಚೀಟಿ, ಮೊದಲ ಎಕ್ಸ್-ರೇಯ ಪ್ರತಿ. ತಿರುಪು ಬಿಚ್ಚುವ ಉಪಕರಣ ಕಂಪನಿಯಿಂದ ಕಂಪನಿಗೆ ಬೇರೆಯಾಗಿರುತ್ತದೆ. ಚೀಟಿ ಇಲ್ಲದಿದ್ದರೆ ಊರಿನ ವೈದ್ಯರು ಆ ಹಲ್ಲನ್ನು ಬಿಚ್ಚಿ ನೋಡುವುದು ಕಷ್ಟ. ದುಡ್ಡು ಕಟ್ಟುವಾಗ ರಸೀದಿಯ ಜೊತೆಗೆ ಅದನ್ನೂ ಕೇಳಿ ಪಡೆಯಬೇಕು.