ಸಾಂಗ್ರಿಯಾ

ಸಾಂಗ್ರಿಯಾ ಸ್ಪೇನ್ ಮತ್ತು ಪೋರ್ಚುಗಲ್ ದೇಶಗಳ ಒಂದು ಮದ್ಯಪಾನೀಯ. ಕೆಂಪು ವೈನಿನಲ್ಲಿ ಹಣ್ಣಿನ ಹೋಳುಗಳನ್ನು ನೆನೆಸಿ ಇದನ್ನು ತಯಾರಿಸಲಾಗುತ್ತದೆ. ಇದರ ಕಡುಗೆಂಪು ಬಣ್ಣದಿಂದಾಗಿ, 'ರಕ್ತ' ಎಂಬರ್ಥದ ಸ್ಪ್ಯಾನಿಷ್ ಪದ 'ಸಾಂಗ್ರೆ'ಯಿಂದ ಈ ಹೆಸರು ಬಂದಿದೆ ಎನ್ನಲಾಗುತ್ತದೆ.

ತಯಾರಿಕೆ

ಮನೆಯಲ್ಲಿ ತಯಾರಿಸಲು ಹೆಚ್ಚು ಒಗರಿಲ್ಲದ ಹೊಸ ವೈನ್ ಸೂಕ್ತವಾದುದು. 750 ಮಿ.ಲೀ. ವೈನಿಗೆ ಒಂದು ಕಿತ್ತಳೆ, ಒಂದು ನಿಂಬೆ, ಎರಡು ದೊಡ್ಡ ಚಮಚ ಸಕ್ಕರೆ ಹಾಗೂ ಬೇಕಿದ್ದಲ್ಲಿ 60 ಮಿ.ಲೀ. ಬ್ರಾಂದಿ ಸಾಕಾಗುತ್ತದೆ. ಹಣ್ಣುಗಳನ್ನು ಚೆನ್ನಾಗಿ ತೊಳೆದು, ಸಿಪ್ಪೆಸಹಿತ ತೆಳುವಾಗಿ ಕತ್ತರಿಸಿ, ಸಕ್ಕರೆಯೊಡನೆ ಬೆರೆಸಿ, ವೈನ್ ಸುರಿದು ಫ್ರಿಜ್‌ನಲ್ಲಿ ಎರಡರಿಂದ ನಾಲ್ಕು ಗಂಟೆ ಇಡಬೇಕು. ಸಿಪ್ಪೆಯಲ್ಲಿರುವ ತೈಲವು ಪರಿಮಳವನ್ನು ಕೊಡುತ್ತದೆ. ಆದರೆ ಅದರ ಒಳಗಿನ ಬಿಳಿ ಪದರವು ಬಹಳ ಹೊತ್ತು ನೆನೆದರೆ ಪಾನೀಯ ಕಹಿಯಾಗುತ್ತದೆ. ಸೋಡಾ ಬೆರೆಸುವುದಾದರೆ ಕುಡಿಯುವ ಮುನ್ನವಷ್ಟೇ ಬೆರೆಸಲಾಗುತ್ತದೆ. ಸಿಹಿಯು ಮದ್ಯದ ತೀಕ್ಷ್ಣತೆಯನ್ನು ಮರೆಮಾಡುವುದರಿಂದ ಕುಡಿದ ಪ್ರಮಾಣ ತಿಳಿಯದೆ ಹೋಗಬಹುದು.

ಹೆಸರಿನ ರಕ್ಷಣೆ

ಐರೋಪ್ಯ ಒಕ್ಕೂಟದ 2014ರ ನಿಯಮದಂತೆ, ಅಲ್ಲಿನ ಮಾರುಕಟ್ಟೆಯಲ್ಲಿ ಸ್ಪೇನ್ ಮತ್ತು ಪೋರ್ಚುಗಲ್‌ಗಳಲ್ಲಿ ತಯಾರಾದುದನ್ನು ಮಾತ್ರ ಕೇವಲ 'ಸಾಂಗ್ರಿಯಾ' ಎಂಬ ಹೆಸರಿನಲ್ಲಿ ಮಾರಬಹುದು. ಅದರಲ್ಲಿನ ಆಲ್ಕೋಹಾಲ್ ಪ್ರಮಾಣವು ಕನಿಷ್ಠ ಶೇ. 4.5 ಇದ್ದು, ಶೇ. 12ಕ್ಕಿಂತ ಕಡಿಮೆಯಿರಬೇಕು.